ಮಹಲಿನ ಅಟ್ಟದ ಅಕ್ಕೋರು

ಅಕ್ಕೋರು ಹೋದರು. ವಯಸ್ಸಾಗಿತ್ತು, ಹೋದರು. ತಿಕೋಟಾದಲ್ಲಿ ಅವರ ತಮ್ಮನ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅಲ್ಲಿ ನೆರೆದವರೆಲ್ಲ ಅಕ್ಕೋರು ದೇವರಂಥವರು ಎಂದರು. ನಾನು ಅವರ ಕೈಕೆಳಗೆ ವರ್ಷಗಟ್ಟಲೆ ಅಡುಗೆ ಮಾಡಿದವಳು. ದೇವರಂಥವರೇನೂ ಆಗಿರಲಿಲ್ಲ. ನೈವೇದ್ಯಕ್ಕೆ ಉಪ್ಪು ಕಡಿಮೆಯಾದರೆ ದೇವರು ಸುಮ್ಮನಿರುತ್ತಾನೆ. ಅಕ್ಕೋರು ಸುಮ್ಮನಿರುತ್ತಿರಲಿಲ್ಲ.

ಅವರ ಕಡೆ ಕಲಿತ ಹೆಣ್ಣುಮಕ್ಕಳು ಸೇರಿ ಅವರ ನೆನಪಿಗೆ ಒಂದು ಪುಸ್ತಕ ಮಾಡುತ್ತಾರಂತೆ. ನೀನೂ ಬರೆ ಎಂದರು. ನಾನು ಸಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕೂತವಳು. ನನ್ನ ಅಕ್ಷರ ದಪ್ಪ, ಸಾಲು ಬರೆಯುತ್ತ ಹೋದಂತೆ ಕೆಳಗೆ ಜಾರುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ನಾನು ಹೇಳಿದ್ದನ್ನು ಬದಲಿಸಬೇಡಿ ಎಂದು ಕರಾರು ಮಾಡಿಯೇ ಬರೆಯಲು ಕೂತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಕಲಿಸುವ ಹೆಂಗಸು ಅಂದರೆ ಅಕ್ಕೋರು. ನನಗೆ ಅಕ್ಕೋರು ಅಂದರೆ ಇವರೊಬ್ಬರೇ.

ವಿಜಯಪುರದಲ್ಲಿ ಬಾದಶಹರ ಕಾಲದ ಕಟ್ಟಡಗಳಿಗೆ ಬರವಿಲ್ಲ. ಗೋಳಗುಮ್ಮಟದ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ತಿರುಗಿದರೆ ಒಂದು ಮಹಲ್ ಇದೆ. ಈಗ ಅಲ್ಲಿ ಟಿಕೆಟ್ಟು ಇದೆ, ಹಸಿರು ಹುಲ್ಲು ಇದೆ, ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡು ಇದೆ. ದೂರದೂರದಿಂದ ಜನ ಬಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಕಾಲಕ್ಕೆ ಅದು ಹೆಣ್ಣುಮಕ್ಕಳ ಹಾಸ್ಟೆಲ್. ಹಳ್ಳಿಗಳಿಂದ ಬಂದ ಹುಡುಗಿಯರು ಒಂದು ವರ್ಷ ಅಲ್ಲಿದ್ದು ಬಾಲವಾಡಿ ನಡೆಸುವುದನ್ನು ಕಲಿತು ಹೋಗುತ್ತಿದ್ದರು. ಅಕ್ಕೋರು ಅವರಿಗೆ ಕಲಿಸುವವರೂ ಹೌದು, ಕಾಯುವವರೂ ಹೌದು.

ಮಹಲಿನ ಒಳಗೆ ಒಂದೇ ದೊಡ್ಡ ಪಡಸಾಲೆ. ಆನೆ ನುಗ್ಗುವಷ್ಟು ಎತ್ತರದ ಕಮಾನುಗಳು. ಬ್ರಿಟಿಷರ ಕಾಲದಲ್ಲಿ ಯಾವುದೋ ಕಚೇರಿ ನಡೆಸಲು ಜಾಗ ಸಾಲದೆ, ಆ ಎತ್ತರದ ನಡುವಿಗೆ ಸಾಗವಾನಿ ತೊಲೆ ಹಾಯಿಸಿ, ಮೇಲೆ ಹಲಗೆ ಬಡಿದು ಅಟ್ಟ ಮಾಡಿದ್ದರಂತೆ. ಹತ್ತಲು ಮರದ ನಿಚ್ಚಣಿಕೆ. ಕೆಳಗೆ ಕ್ಲಾಸು. ಹಿಂದಿನ ಒಂದು ಕಮಾನಿಗೆ ಇಟ್ಟಂಗಿ ಕಟ್ಟಿ ಮುಚ್ಚಿ ನನ್ನ ಅಡುಗೆಮನೆ. ಅಟ್ಟದ ಮೇಲೆ ಸಾಲಾಗಿ ಹುಡುಗಿಯರ ಹಾಸಿಗೆ, ಅಲ್ಲೇ ಹಲಗೆಯ ಗೋಡೆ ಹಾಕಿ ಅಕ್ಕೋರ ಖೋಲಿ. ಅಟ್ಟದ ಮೇಲೆ ನಿಂತರೆ ಕಮಾನಿನ ಭುಜ ನಮ್ಮ ತಲೆಮಟ್ಟಕ್ಕೆ ಬರುತ್ತಿತ್ತು. ಇವತ್ತು ಟಿಕೆಟ್ಟು ತೆಗೆದು ಬಂದವರು ಕುತ್ತಿಗೆ ನೋಯಿಸಿಕೊಂಡು ನೋಡುತ್ತಾರಲ್ಲ, ಕಮಾನಿನ ಭುಜದ ಮೇಲಿನ ದುಂಡನೆಯ ಗಚ್ಚಿನ ಹೂವು, ಅದರ ಕೆಳ ಅಂಚಿಗೆ ನಮ್ಮ ಹುಡುಗಿಯರು ಒದ್ದೆ ಪರಕಾರ, ಲಂಗ ನೇತುಹಾಕುತ್ತಿದ್ದರು.

ನಾನು ಬಬಲೇಶ್ವರದ ಮಗಳು. ತಿಕೋಟಾಕ್ಕೆ ಕೊಟ್ಟಿದ್ದರು. ಅಲ್ಲಿ ಬಾಳ್ವೆ ನಡೆಯಲಿಲ್ಲ, ಅದರ ಕಥೆ ಇಲ್ಲಿ ಬೇಡ. ಹಾಸ್ಟೆಲಿನಲ್ಲಿ ಅಡುಗೆಗೆ ಹೆಂಗಸು ಬೇಕಂತೆ ಎಂದು ಯಾರೋ ಹೇಳಿದರು, ಗಂಟು ಹಿಡಿದುಕೊಂಡು ಹೋದೆ. ಅಕ್ಕೋರು ನನ್ನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ.

"ರೊಟ್ಟಿ ಬಡೀತಿಯೇನ?" ಎಂದರು.

"ಬಡೀತೇನ್ರಿ."

"ಬಡದು ತೋರಸು."

ಬಡಿದೆ. ಒಂದು ರೊಟ್ಟಿಯನ್ನು ಪಲ್ಯ ಇಲ್ಲದೆ, ಖಾರ ಇಲ್ಲದೆ, ನಿಂತೇ ತಿಂದರು. ಪೂರ್ತಿ ತಿಂದ ಮೇಲೆ ಬೆರಳು ಕೊಡವಿ, "ನಾಳಿಂದ ಬಾ" ಎಂದು ತಿರುಗಿದರು. ನಾಲ್ಕು ಹೆಜ್ಜೆ ಹೋದವರು ಮತ್ತೆ ತಿರುಗಿ ನನ್ನ ಗಂಟು ನೋಡಿದರು.

"ಇವತ್ತ ಎಲ್ಲಿ ಮಲಗತಿ?"

ನಾನು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದೆ.

"ಮ್ಯಾಲ ಕಡೀ ಹಾಸಿಗಿ ಖಾಲಿ ಐತಿ. ಗೊರಕಿ ಹೊಡಿಯಾಂಗಿಲ್ಲ ನೋಡ ಮತ್ತ."

ಗೊರಕೆ ಹೊಡೆಯುತ್ತಿದ್ದವರು ಅವರು. ಹಲಗೆಯ ಗೋಡೆ, ಎಲ್ಲ ಕೇಳುತ್ತಿತ್ತು.

ಎತ್ತರದ ಆಳು, ಒಣಕಲು ಮೈ. ಕನ್ನಡಕಕ್ಕೆ ಒಂದು ಕಡೆ ಕಡ್ಡಿ ಇರಲಿಲ್ಲ, ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಇಳಕಲ್ ಸೀರೆ, ಅದರ ಸೆರಗು ಯಾವಾಗಲೂ ಸೊಂಟಕ್ಕೆ. ಮಾತು ಕಡಿಮೆ ಎಂದು ಹೇಳಲಾರೆ. ಮಾತು ಸಾಕಷ್ಟಿತ್ತು, ಬೇಕಾದಾಗಿನ ಮಾತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಯಾರೂ ರೊಟ್ಟಿ ಬಡದು ತೋರಸಲಿಲ್ಲ" ಅನ್ನುತ್ತಿದ್ದರು. ಕೇಳಿದವರು ಗಂಡಸರಾಗಿದ್ದರೆ ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಸುಳ್ಳು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಇದನ್ನು ನಾನು ಹೊಗಳಿಕೆ ಎಂದು ಬರೆಯುತ್ತಿಲ್ಲ. ಬಹಳ ಸಲ ಅದರಿಂದ ನಮಗೇ ತ್ರಾಸಾಗಿದೆ. ಒಂದು ಸಲ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಕೆಳಗೆ ಕುರ್ಚಿ ಹಾಕಿಸಿಕೊಂಡು ಹುಡುಗಿಯರಿಗೆ ಪ್ರಶ್ನೆ ಕೇಳುತ್ತಿದ್ದರು. ಅಟ್ಟದ ಮೇಲೆ ಒಬ್ಬಳಿಗೆ ಜ್ವರ. ಅವಳಿಗೆ ಊಟ ಕೊಡಲು ಹೋದ ಹುಡುಗಿಯ ಕೈಯಿಂದ ಸಾರಿನ ಬಟ್ಟಲು ಜಾರಿತು. ಹಲಗೆಯ ಸಂದಿಯಿಂದ ಸಾರು ನೇರ ಸಾಹೇಬರ ಹೆಗಲ ಮೇಲೆ ಇಳಿಯಿತು.

"ಏನಿದು?" ಎಂದು ಎದ್ದು ನಿಂತರು ಸಾಹೇಬರು.

ಬೇರೆ ಯಾರಾದರೂ ಆಗಿದ್ದರೆ ಮಳೆ ನೀರು ಅನ್ನುತ್ತಿದ್ದರು, ಹಕ್ಕಿ ಅನ್ನುತ್ತಿದ್ದರು. ಅಕ್ಕೋರು, "ಬ್ಯಾಳಿ ಸಾರ್ರಿ ಸಾಹೇಬ್ರ" ಎಂದರು. "ಅರಬಿ ಬಿಚ್ಚಿ ಕೊಡ್ರಿ, ಒಗದು ಕೊಡ್ತೇವಿ. ಬಿಸಲಾಗ ಲಗೂನ ಒಣಗತೈತಿ."

ಸಾಹೇಬರು ಬನಿಯನ್ನಿನಲ್ಲಿ ಕೂತು ತಪಾಸಣೆ ಮುಗಿಸಿದರು. ಅವತ್ತು ಹುಡುಗಿಯರು ಯಾವ ಪ್ರಶ್ನೆಗೂ ಉತ್ತರ ಹೇಳಲಿಲ್ಲ. ನಗು ತಡೆಯುವುದೇ ದೊಡ್ಡ ಕೆಲಸವಾಗಿತ್ತು.

ಹುಡುಗಿಯರಿಗೂ ಅದೇ ಕಾನೂನು. ಸಿನೆಮಾಕ್ಕೆ ಓಡಿಹೋಗಿ ಬಂದವರು ಖರೆ ಹೇಳಿದರೆ ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಸುಳ್ಳು ಹೇಳಿದರೆ ಅಪ್ಪನಿಗೆ ಪತ್ರ. ಅಪ್ಪನಿಗೆ ಪತ್ರ ಹೋದರೆ ಆ ಹುಡುಗಿಯನ್ನು ವಾಪಸು ಕರೆದೊಯ್ಯುತ್ತಾರೆ, ಮದುವೆ ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಎಲ್ಲರೂ ಖರೆ ಹೇಳುತ್ತಿದ್ದರು. ನಮ್ಮ ಅಕ್ಕಿಯಲ್ಲಿ ಒಂದು ಕಲ್ಲೂ ಇರುತ್ತಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಅಟ್ಟದ ಒಂದೊಂದು ಹಲಗೆಗೆ ಒಂದೊಂದು ದನಿ ಇತ್ತು. ಒಂದು ಕಿರ್ ಎನ್ನುವುದು, ಒಂದು ಕೆಮ್ಮಿದಂತೆ, ಒಂದು ಕಪ್ಪೆಯಂತೆ. ಯಾರು ಎಲ್ಲಿ ನಡೆಯುತ್ತಿದ್ದಾರೆ ಎಂದು ಕೆಳಗೆ ಒಲೆ ಮುಂದೆ ಕೂತು ನಾನು ಹೇಳುತ್ತಿದ್ದೆ. ಕಪ್ಪೆ ಹಲಗೆ ನಿಚ್ಚಣಿಕೆಯ ಮೇಲ್ತುದಿಯಲ್ಲೇ ಇತ್ತು. ಹುಡುಗಿಯರು ಅದನ್ನು ದಾಟಿ ಕಾಲಿಡುತ್ತಿದ್ದರು. ಅಕ್ಕೋರು ಮಾತ್ರ ಪ್ರತಿ ಸಲ ಅದರ ಮೇಲೇ ಹಿಮ್ಮಡಿ ಊರಿ ಬರುವರು. ಇಷ್ಟು ವರ್ಷವಾದರೂ ಇವರಿಗೆ ಗೊತ್ತಾಗಲಿಲ್ಲವಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಒಂದು ದಿನ ಮಧ್ಯಾಹ್ನ ಹುಡುಗಿಯರೆಲ್ಲ ಹೊರಗೆ ಹೋಗಿದ್ದರು. ಅಕ್ಕೋರು ನಿಚ್ಚಣಿಕೆ ಹತ್ತಿದ್ದನ್ನು ಕಣ್ಣಾರೆ ಕಂಡೆ, ಸದ್ದೇ ಆಗಲಿಲ್ಲ. ಕಪ್ಪೆ ಹಲಗೆಯನ್ನು ದಾಟಿ, ಸೀರೆ ಎತ್ತಿ, ಬೆಕ್ಕಿನ ಹಾಗೆ ನಡೆದುಹೋದರು. ಆಮೇಲೆ ತಿಳಿಯಿತು. ಹುಡುಗಿಯರು ಇದ್ದಾಗ ಬೇಕೆಂದೇ ತುಳಿಯುತ್ತಿದ್ದರು. ಒಬ್ಬಳು ಅಳುತ್ತಿದ್ದರೆ ಕಣ್ಣೊರೆಸಿಕೊಳ್ಳಲಿ, ಒಬ್ಬಳು ಗಂಡಿನ ಕಾಗದ ಓದುತ್ತಿದ್ದರೆ ಬಚ್ಚಿಡಲಿ ಅಂತ. ಬಾಯಿಂದ ಒಂದು ಮೆತ್ತನೆಯ ಮಾತೂ ಬರುತ್ತಿರಲಿಲ್ಲ ಆ ಹೆಂಗಸಿಗೆ. ಹಿಮ್ಮಡಿಯಿಂದ ಬರುತ್ತಿತ್ತು.

ಈಗ ಆ ಹೂವಿನ ಮಾತು.

ಅದು ಎಷ್ಟೋ ಕಾಲದಿಂದ ಒಂದು ಮಗ್ಗುಲು ಒಡೆದಿತ್ತು. ಒಂದು ಮಳೆಗಾಲದಲ್ಲಿ ಅದರ ಇನ್ನಷ್ಟು ಚೂರು ಬಿದ್ದವು. ಬಿದ್ದದ್ದು ನೀಲವ್ವನ ಹಾಸಿಗೆಯ ಮೇಲೆ. ನೀಲವ್ವ ನಮ್ಮ ಬಬಲೇಶ್ವರದ ಹುಡುಗಿ, ಆ ವರ್ಷ ಕಲಿಯಲು ಬಂದವಳು. ತಲೆ ಮೇಲೆ ಬೀಳಲಿಲ್ಲ, ಪುಣ್ಯ. ಅಕ್ಕೋರು ಮೇಲಿನ ಸಾಹೇಬರಿಗೆ ಹೇಳಿ ಕಳಿಸಿದರು, ಯಾರೂ ಬರಲಿಲ್ಲ. ಆಗ ಆಷಾಢ ನಡೆದಿತ್ತು. ಆಷಾಢದ ಮಂಗಳವಾರ ನಮ್ಮ ಕಡೆ ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಕೂರಿಸಿ ಪೂಜೆ ಮಾಡುತ್ತಾರೆ. ಹಾಸ್ಟೆಲಿನಲ್ಲೂ ಮಾಡುತ್ತಿದ್ದರು. ಅಟ್ಟದ ಮೇಲೆ ಗೋಡೆಯ ಗೂಡಿನಲ್ಲಿ ಅವಳನ್ನು ಕೂರಿಸುತ್ತಿದ್ದರು. ಬಾದಶಹ ಆ ಗೂಡನ್ನು ಯಾತಕ್ಕೆ ಮಾಡಿಸಿದ್ದನೋ, ನಮಗೆ ಗುಳ್ಳವ್ವನಿಗೆ ಸರಿಹೋಗಿತ್ತು. ನೀಲವ್ವನ ಕೈ ಮಣ್ಣಿಗೆ ಹೇಳಿ ಮಾಡಿಸಿದಂತಿತ್ತು. ಗುಳ್ಳವ್ವನ ಸೆರಗಿನ ನಿರಿಗೆಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಚಿವುಟಿ ಎಬ್ಬಿಸುತ್ತಿದ್ದಳು. ಅಕ್ಕೋರು ಅದನ್ನು ನೋಡುತ್ತ ನಿಂತವರು, ತಲೆ ಎತ್ತಿ ಹೂವು ನೋಡಿದರು.

"ಲೇ ನೀಲವ್ವಾ, ಅದರ ಪಕಳಿ ಮಾಡಾಕ ಬರತೈತೇನ?"

"ಅಕ್ಕೋರ, ಅದು ಬಾದಶಹಂದ್ರೀ."

"ಬಾದಶಹ ಬಂದು ಮಾಡತಾನೇನ? ನಿನ್ನ ತಲಿ ಮ್ಯಾಲ ಬೀಳಾಕತ್ತೈತಿ, ನೀ ಮಾಡು."

ಬರಿ ಮಣ್ಣು ನಿಲ್ಲಲಿಲ್ಲ, ಉದುರಿತು. ಆಮೇಲೆ ಸುಣ್ಣ, ಸಣ್ಣ ಮರಳು, ಬೆಲ್ಲದ ನೀರು ಹಾಕಿ ಕಲಸಿದರು. ನನ್ನ ಡಬ್ಬಿಯ ಬೆಲ್ಲವೆಲ್ಲ ಹೋಯಿತು. ಆ ವಾರವೆಲ್ಲ ಹಾಸ್ಟೆಲಿನಲ್ಲಿ ಸಪ್ಪೆ ಚಹಾ. ಹುಡುಗಿಯರು ಟ್ರಂಕಿನ ಮೇಲೆ ಟ್ರಂಕು ಇಟ್ಟು, ಒಬ್ಬಳು ಹಿಡಿದು, ಒಬ್ಬಳು ಕಲಸಿದ್ದು ಕೊಟ್ಟು, ನೀಲವ್ವ ಚಿವುಟಿ ಪಕಳಿ ಕೂರಿಸಿದಳು. ಗುಳ್ಳವ್ವನ ನಿರಿಗೆಯ ಹಾಗೇ. ಕೈ ಅದನ್ನೇ ಕಲಿತಿತ್ತು, ಇನ್ನೇನು ಮಾಡೀತು. ರೂಢಿಯಿಂದ ನಡುವೆ ನಾಲ್ಕು ಗುಲಗಂಜಿಯನ್ನೂ ಒತ್ತಿಬಿಟ್ಟಳು. ಅಕ್ಕೋರು ಕೂದಲ ಪಿನ್ನಿನಿಂದ ಅವನ್ನು ಕಿತ್ತು ತೆಗೆದರು. "ಪೂಜಿ ಮಾಡೂದು ಅಲ್ಲ ಇದು" ಎಂದರು. ಒಣಗಿದ ಮೇಲೆ ಎಲ್ಲರೂ ಹಾಸಿಗೆಯ ಮೇಲೆ ಮಲಗಿ ನೋಡಿದೆವು. ಹಳೆಯದಕ್ಕೂ ಹೊಸದಕ್ಕೂ ಬಣ್ಣ ಬೇರೆ ಇತ್ತು. ಮುಂದೆ ಸುಣ್ಣ ಬಳಿದ ಮೇಲೆ ಅದೂ ಗೊತ್ತಾಗದಂತಾಯಿತು.

ವರ್ಷಗಳು ಹೋದವು. ಹಾಸ್ಟೆಲನ್ನು ಅಥಣಿ ರಸ್ತೆಯ ಹೊಸ ಕಟ್ಟಡಕ್ಕೆ ಒಯ್ದರು. ಮಹಲಿಗೆ ಬೀಗ ಬಿತ್ತು. ಒಳಗೆ ಬಾವಲಿ ಸೇರಿದವು. ಅಕ್ಕೋರು ರಿಟಾಯರಾಗಿ ಅದೇ ಅಥಣಿ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ನಾನೂ ಅವರ ಜೊತೆಗೇ ಬಂದುಬಿಟ್ಟೆ. ಎಲ್ಲಿಗೆ ಹೋಗಲಿ. ಹೊಸ ಲೇಔಟು, ಹೊಸ ಮನೆ, ನೆಲಕ್ಕೆ ನುಣುಪಾದ ಫರಸಿ. ಅಕ್ಕೋರಿಗೆ ಅದು ಒಂದು ದಿನವೂ ಸರಿಹೋಗಲಿಲ್ಲ.

"ಈ ಮನ್ಯಾಗ ಯಾರ ಬಂದ್ರೂ ಗೊತ್ತಾಗೂದಿಲ್ಲ, ಯಾರ ಹ್ವಾದ್ರೂ ಗೊತ್ತಾಗೂದಿಲ್ಲ. ನೀ ಸತ್ತರ ನನಗ ಎರಡ ದಿನಾ ಬಿಟ್ಟು ತಿಳಿತೈತಿ" ಅನ್ನುತ್ತಿದ್ದರು.

"ರೊಟ್ಟಿ ಬರದಿದ್ರ ತಿಳಿತೈತ್ರಿ" ಎಂದೆ ನಾನು.

ನಾಲ್ಕೈದು ವರ್ಷದ ಹಿಂದೆ ಇರಬೇಕು, ಮಹಲನ್ನು ದುರಸ್ತಿ ಮಾಡುವವರು ಮನೆ ಹುಡುಕಿಕೊಂಡು ಬಂದರು. ಇಂಜಿನಿಯರ್ ಹುಡುಗಿಯೊಬ್ಬಳು, ಮೈಸೂರ ಕಡೆಯವಳು. ಮಹಲನ್ನು ಮೊದಲು ಹೇಗಿತ್ತೋ ಹಾಗೆ ಮಾಡುತ್ತಾರಂತೆ. ಅಲ್ಲಿ ಬಹಳ ವರ್ಷ ಇದ್ದವರು ಬಂದು ಯಾವುದು ಹಳೆಯದು, ಯಾವುದು ಹೊಸದು ತೋರಿಸಿದರೆ ಅನುಕೂಲವಾಗುತ್ತದೆ ಎಂದಳು. ಅಕ್ಕೋರ ಮುಖದಲ್ಲಿ ಎಷ್ಟೋ ವರ್ಷದಿಂದ ಇಲ್ಲದ ಬೆಳಕು ಬಂತು. ಪೆಟ್ಟಿಗೆಯ ಇಳಕಲ್ ಸೀರೆ ತೆಗೆದು ಉಟ್ಟರು. ಬಬಲೇಶ್ವರಕ್ಕೆ ಫೋನು ಮಾಡಿ ನೀಲವ್ವನನ್ನು ಕರೆಸಿದರು. ಅವಳೂ ಅಷ್ಟರಲ್ಲಿ ಅಂಗನವಾಡಿ ಕೆಲಸ ಮುಗಿಸಿ ಮೊಮ್ಮಕ್ಕಳನ್ನು ಕಂಡವಳು. ಮೂವರೂ ಹೋದೆವು.

ಒಳಗೆ ಕಾಲಿಟ್ಟವರೇ ಅಕ್ಕೋರು ವಾರ್ಡನ್ ಆಗಿಬಿಟ್ಟರು. ಈ ಇಟ್ಟಂಗಿ ಗೋಡೆ ಅಡಿಗಿಗೆ ಕಟ್ಟಿದ್ದು, ಈ ಗೂಟ ನಾವು ಹೊಡೆದದ್ದು, ಈ ಕರಿ ಹಲಗೆ ಗೋಡೆಗೇ ಬಣ್ಣ ಬಳಿದದ್ದು, ಹೀಗೆ ಒಂದೊಂದನ್ನೂ ಕೊಡೆಯ ತುದಿಯಿಂದ ತೋರಿಸುತ್ತ ಹೋದರು. ಇಂಜಿನಿಯರ್ ಹುಡುಗಿಯ ಜೊತೆಗಿದ್ದವನು ಅವರು ತೋರಿಸಿದ್ದಕ್ಕೆಲ್ಲ ಕೆಂಪು ಬಣ್ಣದಲ್ಲಿ ಒಂದು ಗುರುತು ಹಾಕುತ್ತ ಬಂದ. ಸುಮಾರು ಹೊತ್ತಾದ ಮೇಲೆ ಅಕ್ಕೋರು ಅದನ್ನು ಗಮನಿಸಿದರು.

"ಈ ಗುರತ ಯಾಕವಾ?"

"ಇವೆಲ್ಲ ಆಮೇಲೆ ಸೇರಿಸಿದ್ದು ಅಜ್ಜಿ. ಇವನ್ನ ತೆಗೀತೀವಿ" ಎಂದಳು ಹುಡುಗಿ.

"ಅಟ್ಟಾನೂ?"

"ಅಟ್ಟ ಮೊದಲು."

ಅಕ್ಕೋರು ಕೊಡೆ ನೆಲಕ್ಕೆ ಊರಿ ನಿಂತರು. ಅವರ ದನಿ ಏರಲಿಲ್ಲ.

"ಅಟ್ಟಾ ಬ್ರಿಟಿಷರ ಕಾಲದ್ದು. ನನಗಿಂತಾ ದೊಡ್ಡದು. ಅದು ಹಳೇದು ಅಲ್ಲೇನ?"

"ಹಳೇದೇ ಅಜ್ಜಿ. ಆದ್ರೆ ಅದರ ತೊಲೆ ಊರಿರೋ ಕಡೆ ಕಮಾನು ಸೀಳ್ತಾ ಇದೆ. ಬನ್ನಿ, ನೀವೇ ನೋಡಿ."

ಹುಡುಗಿ ಕೈ ಹಿಡಿದು ನಿಚ್ಚಣಿಕೆ ಹತ್ತಿಸಿದಳು. ಒಳ್ಳೆಯ ಹುಡುಗಿ, ಅವಳದು ಏನೂ ತಪ್ಪಿಲ್ಲ. ತೊಲೆಯ ಬುಡದಲ್ಲಿ ಸೀಳು ಇತ್ತು, ನಾನೂ ನೋಡಿದೆ. ಅಕ್ಕೋರು ಅದರಲ್ಲಿ ಕಿರುಬೆರಳು ತೂರಿಸಿದರು. ಬೆರಳು ಒಳಗೆ ಹೋಯಿತು. "ಹೌದು, ಸೀಳೈತಿ" ಎಂದರು. ನಾನಾಗಿದ್ದರೆ ಇಲ್ಲ ಅನ್ನುತ್ತಿದ್ದೆ.

ಆಗ ಆ ಹುಡುಗಿ ಹೂವಿನ ಹತ್ತಿರ ಹೋಗಿ ಸುಣ್ಣ ಕೆರೆದ ಜಾಗದಲ್ಲಿ ಕೈಯಾಡಿಸಿದಳು. "ಇದೊಂದು ನಮಗೆ ಗೊತ್ತಾಗ್ತಿಲ್ಲ ಅಜ್ಜಿ. ಈ ಕಡೆ ಪಕಳೆಗಳು ಸ್ವಲ್ಪ ಬೇರೆ ಥರ ಕಾಣ್ತವೆ. ಹಳೇ ಕಾಲದಲ್ಲೇ ಯಾರೋ ರಿಪೇರಿ ಮಾಡಿರಬಹುದು. ಅನುಮಾನ ಇದ್ರೆ ನಾವು ಮುಟ್ಟೋದಿಲ್ಲ, ಹಾಗೇ ಬಿಡ್ತೀವಿ."

ನಾನು ನೀಲವ್ವನನ್ನು ನೋಡಿದೆ. ನೀಲವ್ವ ನೆಲ ನೋಡಿದಳು. ನಾನು ಅಕ್ಕೋರ ಸೆರಗು ಹಿಡಿದು ಜಗ್ಗಿದೆ. ಸುಮ್ಮನೆ ಇರಿ ಅಂತ. ಬೇರೆ ಏನೂ ಮಾಡಬೇಕಿರಲಿಲ್ಲ ಅವರು. ಸುಳ್ಳು ಹೇಳಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಟ್ಟ ಹೋಗುತ್ತದೆ, ಗೋಡೆ ಹೋಗುತ್ತದೆ, ಹೂವಿನ ಅರ್ಧವಾದರೂ ನಮ್ಮದು ಅಲ್ಲಿ ಉಳಿಯುತ್ತಿತ್ತು.

ಅಕ್ಕೋರು ಸೆರಗು ಬಿಡಿಸಿಕೊಂಡರು.

"ಅದು ಈಕಿ ಮಾಡಿದ್ದು" ಎಂದು ನೀಲವ್ವನ ಹೆಗಲ ಮೇಲೆ ಕೈ ಇಟ್ಟರು. "ಈಕಿ, ಮತ್ತ ಈಕಿ ಜೋಡಿ ಇದ್ದ ಹುಡುಗೇರು. ಸುಣ್ಣಾ, ಉಸುಕು, ಬೆಲ್ಲಾ. ಬೆಲ್ಲಾ ಈಕೀದು" ಎಂದು ನನ್ನನ್ನೂ ತೋರಿಸಿದರು. "ಬರಕೋವಾ. ಒಂದು ಬೋರ್ಡ ಹಾಕ್ರಿ. ಇದು ಹಿಂತಾ ಊರ ಹುಡುಗೇರು ಮಾಡಿದ್ದು ಅಂತ ಬರೀರಿ."

ಹುಡುಗಿ ಪಕಳಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. "ನನಗೂ ಹಾಗೇ ಅನ್ನಿಸಿತ್ತು, ಹೆಬ್ಬೆಟ್ಟಿನ ಗುರುತು ಕಾಣತ್ತೆ" ಎಂದಳು. "ಬೋರ್ಡಿನ ಮಾತು ಮೇಲಿನವರಿಗೆ ಹೇಳ್ತೀನಿ ಅಜ್ಜಿ. ಆದ್ರೆ ಗೊತ್ತಾದ ಮೇಲೆ ಇದನ್ನ ಬಿಡೋಕಾಗಲ್ಲ."

ಅವಳ ಜೊತೆಗಿದ್ದವನು ಬಂದು ಪಕಳಿಯ ಪಕ್ಕದಲ್ಲಿ ಕೆಂಪು ಗುರುತು ಹಾಕಿದ.

ವಾಪಸು ಬರುವಾಗ ಆಟೋದಲ್ಲಿ ನಾನು ಸುಮ್ಮನಿರಲಿಲ್ಲ.

"ಯಾಕ ಹೇಳಿದ್ರಿ? ಗೊತ್ತಿತ್ತಲ್ಲ ನಿಮಗ, ಹೇಳಿದ್ರ ತಗೀತಾರಂತ."

"ಗೊತ್ತಿತ್ತು."

"ಮತ್ತ?"

"ಸುಮ್ಮ ಇದ್ದಿದ್ರ ಏನಾಕ್ಕಿತ್ತು ಹೇಳ" ಎಂದರು ಅಕ್ಕೋರು. "ಮಂದಿ ಬಂದು ನೋಡತಿದ್ರು. ಬಾದಶಹ ಏನ ಚಂದ ಮಾಡಿಸ್ಯಾನ ಅಂತಿದ್ರು. ಈ ನೀಲವ್ವ ಕಾಲ ಬಿಗಿ ಹಿಡದು ಟ್ರಂಕ ಮ್ಯಾಲ ನಿಂತು ಮಾಡ್ಯಾಳ. ಅದನ್ನ ಒಯ್ದು ಬಾದಶಹನ ಹೆಸರಿಗೆ ಹಚ್ಚಿ ಬರಲೇನ? ಅವಂಗೇನ ಕಡಿಮಿ ಐತಿ?"

"ಇರತಿತ್ತಲ್ರಿ ಅದು. ಯಾರ ಹೆಸರಿಗರ ಇರಲಿ, ಇರತಿತ್ತು."

ನೀಲವ್ವ ನಡುವೆ ಕೂತವಳು, "ಬಿಡ ಬೇ, ನಾ ಮಾಡಿದ್ದು ನನಗ ಗೊತ್ತೈತಿ" ಎಂದಳು. ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಇವತ್ತಿಗೂ ಗೊತ್ತಿಲ್ಲ, ಅವರು ಮಾಡಿದ್ದು ಸರಿಯೋ ತಪ್ಪೋ. ಆ ದಿನ ಮಾತ್ರ ಅವರಿಗೆ ರೊಟ್ಟಿ ಬಡಿಯಲಿಲ್ಲ. ಅನ್ನ ಮಾಡಿ ಹಾಕಿದೆ. ಏಕೆಂದು ಅವರು ಕೇಳಲಿಲ್ಲ, ಉಂಡರು.

ಕೆಲಸ ಮುಗಿಯಲು ಬಹಳ ಕಾಲ ಹಿಡಿಯಿತು. ಮಹಲ್ ತೆರೆದರು ಎಂದು ತಿಳಿದ ಮೇಲೆ ಅಕ್ಕೋರು ಹೋಗೋಣ ಎಂದರು. ನನಗೆ ಮನಸ್ಸಿರಲಿಲ್ಲ. ಅವರಿಗೆ ಆಗ ಮಂಡಿ ಹಿಡಿದುಕೊಂಡಿತ್ತು, ಒಬ್ಬರನ್ನೇ ಬಿಡುವ ಹಾಗಿರಲಿಲ್ಲ, ಹೋದೆ.

ಖರೆ ಹೇಳುತ್ತೇನೆ, ಚಂದ ಮಾಡಿದ್ದರು. ಅಟ್ಟ ಇಲ್ಲ, ಇಟ್ಟಂಗಿ ಗೋಡೆ ಇಲ್ಲ. ಹಿಂದಿನ ಕಮಾನಿನಿಂದ ಬಿಸಿಲು ಪಡಸಾಲೆಯ ನಡುವಿನ ತನಕ ಬಂದು ಬಿದ್ದಿತ್ತು. ಅಲ್ಲಿ ನಾನು ವರ್ಷಗಟ್ಟಲೆ ಹೊಗೆ ಕುಡಿದಿದ್ದೆ, ಆ ಕಡೆಯಿಂದ ಇಷ್ಟು ಬೆಳಕು ಬರಬಹುದೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಕಮಾನುಗಳು ನಮ್ಮನ್ನು ಬಿಟ್ಟು ಮೇಲೆ ಮೇಲೆ ಹೋಗಿದ್ದವು. ಹೂವು ಎಲ್ಲೋ ಆಕಾಶದಲ್ಲಿತ್ತು. ಅದರ ಅರ್ಧಕ್ಕೆ ಪಕಳಿ ಇದ್ದವು, ಉಳಿದರ್ಧಕ್ಕೆ ಬರಿ ಗಚ್ಚು ಸವರಿ ಬಿಟ್ಟಿದ್ದರು.

ಅಕ್ಕೋರು ಬಿಸಿಲಿನಲ್ಲಿ ನಿಂತು ಸುತ್ತ ನೋಡಿದರು. "ಛಲೋ ಬೆಳಕ ಬಂದೈತಿ" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಚಂದ ಕಾಣತೈತಿ ಬೇ" ಎಂದರು. ಅಷ್ಟೇ. ನಾನು ಅವರ ಬಾಯಿಂದ ಬೇರೆ ಏನಾದರೂ ಬರಲಿ ಎಂದು ಕಾಯುತ್ತಿದ್ದೆ, ಬರಲಿಲ್ಲ.

ಬಾಗಿಲ ಹತ್ತಿರ ಕಲ್ಲಿನ ಬೋರ್ಡು ನಿಲ್ಲಿಸಿದ್ದರು. ಅಕ್ಕೋರು ಕನ್ನಡಕದ ದಾರ ಬಿಗಿ ಮಾಡಿಕೊಂಡು ಓದಲು ನಿಂತರು. ಯಾವ ಬಾದಶಹ, ಎಷ್ಟು ಉದ್ದ, ಎಷ್ಟು ಅಗಲ, ಕಮಾನು ಎಂಥವು ಎಂದು ಬರೆದಿತ್ತು. ನಾನೂ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕಚೇರಿ ಇತ್ತೆಂದು ಇರಲಿಲ್ಲ. ಹಾಸ್ಟೆಲ್ ಇತ್ತೆಂದು ಇರಲಿಲ್ಲ. ಅಕ್ಕೋರು ಕನ್ನಡದ್ದು ಓದಿ ಮುಗಿಸಿ, ಕೆಳಗೆ ಇಂಗ್ಲಿಷಿನದ್ದನ್ನೂ ಬೆರಳಿಟ್ಟು ಕೊನೆಯವರೆಗೆ ಓದಿದರು. ಆಮೇಲೆ ಕೊಡೆ ಊರಿಕೊಂಡು ನಿಧಾನಕ್ಕೆ ಬೋರ್ಡಿನ ಹಿಂದೆ ಹೋದರು. ಹಿಂದೆ ಏನಾದರೂ ಬರೆದಿದೆಯೇನೋ ಎಂದು ನೋಡಿ ಬಂದರು.

ಅದಾದ ಮೇಲೆ ಅವರು ಆ ಕಡೆ ಹೋಗಲಿಲ್ಲ. ಮಾತೂ ಎತ್ತಲಿಲ್ಲ. ಆದರೆ ಕಡೆಕಡೆಗೆ ಒಂದು ಹೊಸ ಚಾಳಿ ಹಿಡಿದಿತ್ತು. ಊಟ ಮಾಡಿ ಕೂತಾಗ, "ನನ್ನ ಖೋಲಿ ಬಾಗಲಾ ತಗದ ಕೂಡಲೇ ಮೊದಲನೇ ಹಾಸಿಗಿ ಯಾರದಿತ್ತು ಹೇಳ" ಎಂದು ಕೇಳುತ್ತಿದ್ದರು. ಯಾವ ವರ್ಷದ್ದು ಎಂದು ನಾನು ಕೇಳಬೇಕು. ಅವರು ವರ್ಷ ಹೇಳುತ್ತಿದ್ದರು, ನಾನು ತಪ್ಪು ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ತೊರವಿಯ ಹುಡುಗಿ ಯಾವ ಕಿಟಕಿಯ ಕೆಳಗೆ, ಹೆದರುವವಳು ಯಾವ ಗೋಡೆಯ ಮಗ್ಗುಲಿಗೆ, ಎಲ್ಲ ಅವರಿಗೆ ಗೊತ್ತಿತ್ತು. ನನಗೆ ಬೇಸರ ಬರುತ್ತಿತ್ತು. "ಮಲಗ್ರಿ ಸಾಕ" ಅನ್ನುತ್ತಿದ್ದೆ. ಈಗ ಕೇಳುವವರಿಲ್ಲ. ಊಟವಾದ ಮೇಲಿನ ಆ ಹೊತ್ತು ಹೇಗೆ ಕಳೆಯಬೇಕೆಂದು ನನಗೆ ತಿಳಿಯುತ್ತಿಲ್ಲ.

ಅಕ್ಕೋರ ದಿನಕರ್ಮ ಮುಗಿದ ಮೇಲೆ ನೀಲವ್ವ ಬಬಲೇಶ್ವರಕ್ಕೆ ಹೋಗುವ ಮುಂಚೆ ಮಹಲ್ ನೋಡಬೇಕು ಎಂದಳು. ತೆರೆದ ಮೇಲೆ ಅವಳು ನೋಡಿರಲಿಲ್ಲ. ಕರೆದುಕೊಂಡು ಹೋದೆ. ಪಡಸಾಲೆಯ ನಡುವೆ ನಿಂತು ಮೇಲೆ ನೋಡಿ ನೋಡಿ ಅವಳ ಕುತ್ತಿಗೆ ನೋವು ಬಂತು. ನಾನು ಸೆರಗು ಹೊದ್ದು ಫರಸಿಯ ಮೇಲೆ ಅಂಗಾತ ಮಲಗಿದೆ. ಅವಳೂ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಂದು ಮಗ್ಗುಲಿಗೆ ಮಲಗಿದಳು. ಕಲ್ಲು ತಣ್ಣಗಿತ್ತು.

ಕಾವಲಿನವನು ಓಡಿ ಬಂದ. "ಯವ್ವಾ, ಇಲ್ಲಿ ಮಲಗೂ ಹಂಗಿಲ್ಲ, ಏಳ್ರಿ."

"ಮಲಗಿಲ್ಲೋ ಯಪ್ಪಾ, ನೋಡಾಕತ್ತೇವಿ" ಎಂದೆ.

ಅವನೂ ಮೇಲೆ ನೋಡಿದ. "ಏನೈತಿ ಅಲ್ಲಿ?"

ನೀಲವ್ವ ಕೈ ಎತ್ತಿ ಬರಿ ಗಾಳಿಯಲ್ಲಿ ಗೆರೆ ಎಳೆದಂತೆ ತೋರಿಸಿದಳು. "ಅಲ್ಲಿಂದ ಅಲ್ಲೀ ತನಕ ನಮ್ಮ ಹಾಸಿಗಿ. ಅಲ್ಲಿ ಅಕ್ಕೋರ ಖೋಲಿ. ಅದರ ಬಾಗಲಾ ಆ ಎಡಗಡೆ ಕಮಾನಿನ ಕಡೆ."

"ಎಡಗಡೆ ಅಲ್ಲ ಬೇ, ಬಲಗಡೆ" ಎಂದೆ ನಾನು.

"ಬಲಗಡೆ ಗೂಡ ಇತ್ತು. ಗುಳ್ಳವ್ವನ್ನ ಕೂಡ್ಸತಿದ್ದಿಲ್ಲ?"

"ಗೂಡ ಎರಡೂ ಗ್ವಾಡ್ಯಾಗ ಅದಾವು. ಗುಳ್ಳವ್ವ ಆ ಕಡೇದರಾಗ. ನಿನಗ ನೆನಪಿಲ್ಲ."

"ಒಂದ ವರ್ಷ ಅಲ್ಲೇ ಮಲಗೇನಿ, ನನಗ ನೆನಪಿಲ್ಲಂತ."

"ನಾ ಎಷ್ಟ ವರ್ಷ ಮಲಗೇನಿ ಗೊತ್ತೈತೇನ ನಿನಗ?"

ಕಾವಲಿನವನು ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡಿದ. ನಮ್ಮಿಬ್ಬರಿಗೂ ಕೈ ಕೊಟ್ಟು ಎಬ್ಬಿಸಿದ. ಬಾಗಿಲ ತನಕ ನಾವು ಆ ಎಡ-ಬಲದ ಮಾತು ಬಿಡಲಿಲ್ಲ. ಮೊದಲೆಲ್ಲ ಹೀಗೆ ಜಗಳ ಬಿ‍ದ್ದರೆ ಮನೆಗೆ ಹೋಗಿ ಅಕ್ಕೋರನ್ನು ಕೇಳುತ್ತಿದ್ದೆವು. ನೀಲವ್ವ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಮುಖ ಹೊರಗೆ ಹಾಕಿ, "ಎಡಗಡೆ ನೋಡ" ಎಂದಳು. ಬಸ್ಸು ಹೊರಟಿತು. ನಾನು ಬಲಗಡೆ ಎಂದು ಕೂಗಿದೆ. ಅವಳಿಗೆ ಕೇಳಿಸಿತೋ ಇಲ್ಲವೋ.